ಹೆದರಿದ ಮಗುವಿಗೆ ಕಂಠಪಾಠ ವಾಕ್ಯವಷ್ಟೇ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಮಕ್ಕಳ ಮೊಬೈಲ್ ಬಳಕೆಯನ್ನು ಕುರಿತು ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಮನೆ ಮತ್ತು ಶಾಲೆಯ ಸುತ್ತಲೇ ಸುತ್ತುತ್ತದೆ. ಹಲವು ವರ್ಷಗಳಿಂದ ಚರ್ಚಿನ ಸಂಡೇ ಸ್ಕೂಲ್‌ನಲ್ಲಿ ಪಾಠ ಹೇಳುತ್ತಿರುವ ನನಗೆ, ವಾರಕ್ಕೊಂದು ಗಂಟೆ ನಮ್ಮ ಮುಂದೆ ಬಂದು ಕೂರುವ ಇದೇ ಮಕ್ಕಳನ್ನು ನಾವು ಎಷ್ಟರಮಟ್ಟಿಗೆ ಅರಿತಿದ್ದೇವೆ ಎಂಬ ಪ್ರಶ್ನೆ ಕೆಲವು ದಿನಗಳಿಂದ ಕಾಡುತ್ತಿದೆ.

1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಭಾನುವಾರದ ಶಾಲೆ ಆರಂಭಿಸಿದ್ದು ವಾರವಿಡೀ ದುಡಿದು, ಬಿಡುವಿನ ಒಂದು ದಿನ ಬೀದಿಯಲ್ಲಿ ಅಲೆಯುತ್ತಿದ್ದ ಬಡ ಮಕ್ಕಳಿಗಾಗಿ. ಆ ಮಕ್ಕಳ ವಾರ ಹೇಗೆ ಕಳೆಯುತ್ತದೆ ಎಂಬುದನ್ನು ನೋಡಿದ್ದರಿಂದಲೇ ಅಂಥ ಶಾಲೆ ಹುಟ್ಟಿತು. ಇಂದಿನ ಮಗುವಿನ ವಾರವನ್ನು ನಾವು ಹಾಗೆ ನೋಡುತ್ತಿಲ್ಲ. ಒಂದು ವಿಡಿಯೊ ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿಯೇ ಶುರುವಾಗುವ, ಹಾಕಿದ ಚಿತ್ರ ಎಷ್ಟು ಜನರಿಗೆ ಹಿಡಿಸಿತು ಎಂಬ ಲೆಕ್ಕ ಊರಿಗೆಲ್ಲ ಕಾಣುವ, ತಾನು ಮಲಗಿದ ಮೇಲೂ ಗೆಳೆಯರ ಗುಂಪಿನಲ್ಲಿ ತನ್ನ ಬಗ್ಗೆ ಏನು ಮಾತು ನಡೆದಿದೆಯೋ ಎಂದು ಕಳವಳಪಡುವ ಜಗತ್ತಿನಿಂದ ಆ ಮಗು ನಮ್ಮ ತರಗತಿಗೆ ಬರುತ್ತದೆ. ದಿನಕ್ಕೆ 3 ಗಂಟೆಗಿಂತ ಹೆಚ್ಚು ಸಾಮಾಜಿಕ ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಎರಡು ಪಟ್ಟಾಗುತ್ತದೆ ಎಂದು 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ) ಎಚ್ಚರಿಸಿದ್ದರು. ಯಾವುದು ಕಾರಣ, ಯಾವುದು ಪರಿಣಾಮ ಎಂಬ ವಾದ ತಜ್ಞರಲ್ಲಿ ಇನ್ನೂ ಮುಗಿದಿಲ್ಲವಾದ್ದರಿಂದ ಎಲ್ಲವನ್ನೂ ಫೋನಿನ ತಲೆಗೆ ಕಟ್ಟಲು ನಾನು ಸಿದ್ಧಳಿಲ್ಲ. ಆದರೆ ಹೊಟ್ಟೆನೋವು ಎಂದು ಬಾಗಿಲಲ್ಲೇ ನಿಲ್ಲುವ, ಹೆಸರು ಕರೆದರೆ ಬೆವರುವ ಮಕ್ಕಳು ಹೆಚ್ಚಾಗಿರುವುದು ನನ್ನ ಕಣ್ಣಿಗೆ ಕಂಡಿದೆ.

ನನ್ನ ತರಗತಿಯ ಹನ್ನೊಂದರ ಒಬ್ಬ ಹುಡುಗಿ ಕಂಠಪಾಠ ವಾಕ್ಯ, ಅಂದರೆ ಬಾಯಿಪಾಠ ಮಾಡಿದ ಬೈಬಲ್ ವಾಕ್ಯ, ಒಪ್ಪಿಸುವ ಭಾನುವಾರಗಳಂದು ಮಾತ್ರ ಬರುತ್ತಿರಲಿಲ್ಲ. ಸೋಮಾರಿತನವೆಂದುಕೊಂಡೆ. ಆಮೇಲೆ ಭಯವೆಂದು ಗೊತ್ತಾದಾಗ, ಯಾವುದಕ್ಕೂ ಚಿಂತೆ ಮಾಡಬಾರದೆಂಬ ಬೈಬಲಿನ ಫಿಲಿಪ್ಪಿ 4:6ನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಕೊಂಡು ಬಾ ಎಂದೆ. ಪಾಪ, ಅದನ್ನು ಒಪ್ಪಿಸಬೇಕಲ್ಲ ಎಂಬ ಹೆದರಿಕೆಗೆ ಮುಂದಿನ ವಾರವೂ ಆಕೆ ಬರಲಿಲ್ಲ. ಹಿಂದೊಮ್ಮೆ ಮಕ್ಕಳ ಕಾರ್ಯಕ್ರಮದಲ್ಲಿ ಸಾಲು ಮರೆತು ಅತ್ತದ್ದನ್ನು ಯಾರೋ ಚಿತ್ರೀಕರಿಸಿ, ಅದು ಗುಂಪಿನಿಂದ ಗುಂಪಿಗೆ ಹರಿದಾಡಿತ್ತೆಂಬುದು ತಾಯಿಯ ಬಾಯಿಂದ ತಿಳಿದದ್ದು ತಿಂಗಳುಗಳ ನಂತರ. ನಮ್ಮ ಬಾಲ್ಯದಲ್ಲಿ ವೇದಿಕೆಯ ಮೇಲಿನ ತಪ್ಪು ಅಂದಿನ ಸಂಜೆಗೇ ಮರೆತುಹೋಗುತ್ತಿತ್ತು. ಈಗಿನ ಮಗುವಿನ ತಪ್ಪಿಗೆ ಆ ಭಾಗ್ಯವಿಲ್ಲ.

ಭಯವನ್ನು ನಂಬಿಕೆಯ ಕೊರತೆ ಎಂದು ಓದುವ ನಮ್ಮ ಅಭ್ಯಾಸಕ್ಕೆ ಸತ್ಯವೇದದಲ್ಲೇ (ಬೈಬಲಿನಲ್ಲೇ) ಆಧಾರ ಕಡಿಮೆ. ಕರ್ಮೆಲ್ ಬೆಟ್ಟದಲ್ಲಿ ನೂರಾರು ಸುಳ್ಳು ಪ್ರವಾದಿಗಳೆದುರು ಒಬ್ಬನೇ ನಿಂತ ಪ್ರವಾದಿ ಎಲೀಯನು, ಅವನನ್ನು ಕೊಲ್ಲಿಸುವೆನೆಂದು ರಾಣಿ ಈಜೆಬೆಲಳು ಕಳುಹಿಸಿದ ಒಂದೇ ಒಂದು ಸಂದೇಶಕ್ಕೆ ನಡುಗಿ ಓಡಿಹೋಗಿ, ಸಾವನ್ನೇ ಬೇಡಿಕೊಂಡು ಮಲಗುತ್ತಾನೆ. ದೇವದೂತನು ಆಗ ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು ಕೊಟ್ಟು, ಮತ್ತೆ ಮಲಗಗೊಟ್ಟು, ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸುತ್ತಾನೆ. ಇಲ್ಲೇನು ಮಾಡುತ್ತಿದ್ದೀ ಎಂಬ ದೇವರ ಪ್ರಶ್ನೆ ಬರುವುದು ಅದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಎಷ್ಟರವರೆಗೆ ಎಂದು ಮತ್ತೆ ಮತ್ತೆ ದೇವರನ್ನೇ ಕೇಳುವ 13ನೆಯ ಕೀರ್ತನೆಯನ್ನು ನಾವು ಮಕ್ಕಳಿಗೆ ಏಕೆ ಕಲಿಸುವುದಿಲ್ಲವೋ ನನಗೆ ತಿಳಿಯದು. ಫಿಲಿಪ್ಪಿಯ ಆ ವಾಕ್ಯ ಕೂಡ ಚಿಂತೆಯನ್ನು ಬಚ್ಚಿಡು ಎನ್ನದೆ ದೇವರ ಮುಂದೆ ತೆರೆದಿಡು ಎನ್ನುತ್ತದೆ. ಅದರ ಉತ್ತರಾರ್ಧವನ್ನು ನಾನೇ ಬರೆದುಕೊಟ್ಟಿರಲಿಲ್ಲ.

ಮಕ್ಕಳ ಗಮನ ನಿಲ್ಲುವುದಿಲ್ಲವೆಂದು ತರಗತಿಗೂ ದೊಡ್ಡ ಪರದೆ, ಗದ್ದಲದ ವಿಡಿಯೊ, ನಿಮಿಷಕ್ಕೊಂದು ಸ್ಪರ್ಧೆ ತಂದವರಲ್ಲಿ ನಾನೂ ಒಬ್ಬಳು. ಆ ಪಂದ್ಯದಲ್ಲಿ ಫೋನಿನ ಎದುರು ನಾವು ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ವಾರ ವಾರವೂ ಅದೇ ಮುಖ, ಅವಸರವಿಲ್ಲದ ಮಾತು, ತಪ್ಪಿದರೆ ನಗದ ನಾಲ್ಕು ಜನ ಇರುವ ಕೋಣೆ ಆ ಮಗುವಿಗೆ ಬೇರೆಲ್ಲೂ ಸುಲಭವಾಗಿ ಸಿಗದು. ಹಾಗೆಂದು ಹೆದರಿದ್ದನ್ನೆಲ್ಲ ಮಾಫಿ ಮಾಡುವುದೂ ಸರಿಯಲ್ಲ. ತಪ್ಪಿಸಿಕೊಂಡಷ್ಟೂ ಭಯ ಬೇರೂರುತ್ತದೆ. ಆ ಹುಡುಗಿ ಮೊದಲು ನನಗೊಬ್ಬಳಿಗೆ, ನಂತರ ಗೆಳತಿಯೊಬ್ಬಳ ಜೊತೆ ಸೇರಿ, ಆಮೇಲೆ ಐದಾರು ಮಂದಿಯ ಮುಂದೆ ವಾಕ್ಯ ಹೇಳುವಷ್ಟಕ್ಕೆ ಬಂದಿದ್ದಾಳೆ. ನಿದ್ದೆ, ಊಟ, ಶಾಲೆಯೇ ತಪ್ಪುವಷ್ಟು ಆತಂಕವಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಲು ಹೆತ್ತವರಿಗೆ ಹೇಳುವುದು ಶಿಕ್ಷಕರ ಕರ್ತವ್ಯ. ಹಾಗೆಯೇ, ಮಗು ತನಗಾಗುತ್ತಿರುವ ಹಾನಿಯನ್ನು ಹೇಳಿಕೊಂಡಾಗ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು.

ಚರ್ಚುಗಳ ಸಭಾಪಾಲಕರಲ್ಲಿ (ಪಾಸ್ಟರ್‌ಗಳಲ್ಲಿ) ನನ್ನದೊಂದು ಕೋರಿಕೆ. ಶಿಕ್ಷಕರ ತರಬೇತಿಯಲ್ಲಿ ಪಾಠದ ಸಿದ್ಧತೆಗೆ ಕೊಡುವ ಸಮಯದಲ್ಲಿ ಸ್ವಲ್ಪವನ್ನಾದರೂ ಮಕ್ಕಳ ಆತಂಕವನ್ನು ಗುರುತಿಸುವುದಕ್ಕೆ ಮೀಸಲಿಡಬೇಕು. ಮಕ್ಕಳು ವೇದಿಕೆಯೇರುವ ದಿನ, ಮಕ್ಕಳ ಫೋನುಗಳನ್ನು ಒಳಗಿಡಿಸುವ ಮೊದಲು, ಮುಂದಿನ ಸಾಲಿನಲ್ಲಿ ಕೈಯೆತ್ತಿ ಚಿತ್ರೀಕರಿಸುವ ನಮ್ಮಂಥ ದೊಡ್ಡವರ ಫೋನುಗಳನ್ನು ಒಳಗಿಡಿಸಬೇಕು.

ಇತಿ,
ಒಬ್ಬ ಸಂಡೇ ಸ್ಕೂಲ್ ಶಿಕ್ಷಕಿ