ಸೊನ್ನೆ ತೋರಿಸುವ ಯಂತ್ರವನ್ನು ನಂಬಿ ಒಳಗೆ ಹೋಗುವವರಿಗಾಗಿ: ತುರ್ತು ಸೇವೆಗಳ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಅಪಾಯಕಾರಿ ರಾಸಾಯನಿಕಗಳನ್ನೂ ರೋಗಾಣುಗಳನ್ನೂ ಸ್ಥಳದಲ್ಲೇ ಪತ್ತೆಹಚ್ಚುವ ಕೈಯಂತ್ರಗಳನ್ನು ತುರ್ತು ಪಡೆಗಳಿಗೆ ಕೊಡಿಸಲು ನೀವು ಮುಂದಾಗಿರುವುದು ಸಂತೋಷದ ವಿಷಯ. ಇಂಥ ಯಂತ್ರಗಳ ತಪಾಸಣೆ, ದುರಸ್ತಿಯೇ ನನ್ನ ಉದ್ಯೋಗ. ಖರೀದಿ ಆದೇಶಕ್ಕೆ ಸಹಿ ಬೀಳುವ ಮೊದಲು ಒಂದು ಮಾತನ್ನು ನಿಮ್ಮ ಗಮನಕ್ಕೆ ತರಲೇಬೇಕು. ಪರದೆಯ ಮೇಲೆ ಸೊನ್ನೆ ಬಂದಾಕ್ಷಣ ಗಾಳಿ ಶುದ್ಧವಾಗಿದೆ ಎಂದುಕೊಳ್ಳುವಂತಿಲ್ಲ. ಆ ಯಂತ್ರ ಗುರುತಿಸಬಲ್ಲ ವಸ್ತು ಅದಕ್ಕೆ ಸಿಕ್ಕಿಲ್ಲ ಎಂದಷ್ಟೇ ಹೇಳಬಹುದು.

ಹೆಚ್ಚಾಗಿ ಕೊಳ್ಳುವ ಫೋಟೋಅಯಾನೀಕರಣ ಶೋಧಕವನ್ನೇ ನೋಡಿ. ಅದರೊಳಗಿನ ನೇರಳಾತೀತ ದೀಪ ಆವಿಯ ಅಣುಗಳಿಂದ ಇಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಹಾಗೆ ಹುಟ್ಟುವ ವಿದ್ಯುತ್ತನ್ನು ಯಂತ್ರ ಅಳೆಯುತ್ತದೆ. ಸಾಮಾನ್ಯ ದೀಪದ ಶಕ್ತಿ 10.6 ಇಲೆಕ್ಟ್ರಾನ್ ವೋಲ್ಟ್. ಬೆಂಜೀನ್‌ಗೆ ಇದು ಧಾರಾಳವಾಗಿ ಸಾಕು. ಆದರೆ ಕ್ಲೋರಿನ್‌ಗೆ ಸುಮಾರು 11.5 ಬೇಕು. ಕ್ಲೋರಿನ್ ಸೋರುತ್ತಿರುವ ಕೋಣೆಯ ಬಾಗಿಲಲ್ಲಿ ನಿಂತರೂ ಈ ಯಂತ್ರ ಸೊನ್ನೆಯನ್ನೇ ತೋರಿಸೀತು. ಅದನ್ನು ಹಿಡಿಯಲು ಬೇರೆಯದೇ ಆದ, ಅನಿಲದ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ವಿದ್ಯುತ್ತನ್ನು ಅಳೆಯುವ ಇಲೆಕ್ಟ್ರೋಕೆಮಿಕಲ್ ಸೆನ್ಸರ್ ಬೇಕು.

1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸರಿನ್ ಎಂಬ ನರವಿಷದ ದಾಳಿ ನಡೆದಾಗ ಅಗ್ನಿಶಾಮಕ ಇಲಾಖೆಯ ಮೊದಲ ಪರೀಕ್ಷೆ ಅದು ಅಸಿಟೋನೈಟ್ರೈಲ್ ಎಂಬ ದ್ರಾವಕ ಎಂದು ಹೇಳಿತು. ಆ ದ್ರಾವಕವೂ ಸರಿನ್ ಜೊತೆ ಬೆರೆತಿತ್ತು, ಹಾಗಾಗಿ ಪರೀಕ್ಷೆ ಸುಳ್ಳು ಹೇಳಲಿಲ್ಲ. ಆದರೆ ಜನರನ್ನು ಕೊಲ್ಲುತ್ತಿದ್ದುದು ಸರಿನ್. ಅದು ಖಚಿತವಾಗುವಷ್ಟರಲ್ಲಿ ಸುಮಾರು ಮೂರು ಗಂಟೆ ಕಳೆದಿತ್ತು. ರೋಗಿಗಳ ಬಟ್ಟೆಯಿಂದ ಎದ್ದ ಆವಿಗೆ ಆಸ್ಪತ್ರೆಯ ಸಿಬ್ಬಂದಿಯೂ ಅಸ್ವಸ್ಥರಾದರು. ಒಂದೇ ಯಂತ್ರದ ಒಂದೇ ಉತ್ತರವನ್ನು ನೆಚ್ಚಿ ಕೂರಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಇನ್ನು ನಿರ್ವಹಣೆ. ಇಲೆಕ್ಟ್ರೋಕೆಮಿಕಲ್ ಸೆನ್ಸರ್‌ಗಳ ಆಯುಷ್ಯ ಸಾಮಾನ್ಯವಾಗಿ ಎರಡು ಮೂರು ವರ್ಷ. ಪೆಟ್ಟಿಗೆಯಲ್ಲೇ ಇದ್ದರೂ ಅವು ಸವೆಯುತ್ತವೆ. ದೂಳು ಕಟ್ಟಿ ಫಿಲ್ಟರ್ ಮುಚ್ಚಿಹೋದ ಯಂತ್ರವನ್ನು ಚಾಲೂ ಮಾಡಿ ನೋಡಿ: ದೀಪ ಹೊತ್ತಿಕೊಳ್ಳುತ್ತದೆ, ಬೀಪ್ ಸದ್ದು ಬರುತ್ತದೆ, ಸ್ವಯಂ ಪರೀಕ್ಷೆಯೂ ಪಾಸಾಗುತ್ತದೆ. ಅನಿಲ ಮಾತ್ರ ಸೆನ್ಸರನ್ನು ಮುಟ್ಟುವುದೇ ಇಲ್ಲ. ಇದನ್ನು ತಿಳಿಯಲು ಇರುವ ದಾರಿ ಒಂದೇ. ಪ್ರಮಾಣ ಗೊತ್ತಿರುವ ಅನಿಲವನ್ನು ಸಣ್ಣ ಸಿಲಿಂಡರಿನಿಂದ ಹಾಯಿಸಿ, ಅಂಕಿ ಏರುತ್ತದೆಯೇ, ಅಲಾರಂ ಕೂಗುತ್ತದೆಯೇ ಎಂದು ಪ್ರತಿದಿನ ಬಳಕೆಗೆ ಮುನ್ನ ನೋಡಬೇಕು. ಒಂದೆರಡು ನಿಮಿಷದ ಕೆಲಸ. ಆ ಸಿಲಿಂಡರ್ ಖಾಲಿಯಾದಾಗ ಹೊಸದಕ್ಕೆ ಹಣ ಇಲ್ಲವೆಂದರೆ ಮ್ಯಾನ್‌ಹೋಲಿಗೆ ಇಳಿಯುವವನ ಗತಿ ಏನು? ಚರಂಡಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹತ್ತು ಲಕ್ಷಕ್ಕೆ ನೂರು ಭಾಗದ ಮಟ್ಟ ತಲುಪುವ ಹೊತ್ತಿಗೆ ಮೂಗು ಅದರ ವಾಸನೆಯನ್ನೇ ಗ್ರಹಿಸದಂತಾಗುತ್ತದೆ. ಅಲ್ಲಿಂದ ಮುಂದೆ ಅವನಿಗೆ ಈ ಯಂತ್ರ ಬಿಟ್ಟರೆ ಬೇರೆ ಗತಿಯಿಲ್ಲ.

ರೋಗಾಣುಗಳನ್ನು ಗುರುತಿಸುವ ಜೈವಿಕ ಪರೀಕ್ಷಾ ಪಟ್ಟಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಅಮೆರಿಕದಲ್ಲಿ 2001ರಲ್ಲಿ ಆಂಥ್ರಾಕ್ಸ್ ಎಂಬ ಮಾರಕ ರೋಗದ ಬ್ಯಾಕ್ಟೀರಿಯಾ ತುಂಬಿ ಅಂಚೆಯಲ್ಲಿ ಕಳಿಸಿದ ಪತ್ರಗಳಿಂದ 22 ಮಂದಿಗೆ ಸೋಂಕು ತಗಲಿ ಐವರು ಸತ್ತರು. ಮರುವರ್ಷ ಶ್ವೇತಭವನದ ವಿಜ್ಞಾನ ಕಚೇರಿಯೇ ಸ್ಥಳದಲ್ಲಿ ಬಳಸುವ ಆಂಥ್ರಾಕ್ಸ್ ಕಿಟ್‌ಗಳನ್ನು ನೆಚ್ಚಬೇಡಿ ಎಂದು ಸಲಹೆ ಕೊಟ್ಟಿತು. ಅಂದಿಗಿಂತ ಇಂದಿನ ಕಿಟ್‌ಗಳು ಸುಧಾರಿಸಿವೆ, ನಿಜ. ಆದರೂ ಕಾಲು ಗಂಟೆಯಲ್ಲಿ ಗೆರೆ ಮೂಡಿಸುವ ಪಟ್ಟಿಗೆ ಬಹಳಷ್ಟು ರೋಗಾಣು ಬೇಕು. ಕಡಿಮೆ ಇದ್ದರೆ ಗೆರೆ ಮೂಡುವುದಿಲ್ಲ. ಗೆರೆ ಮೂಡಲಿ, ಬಿಡಲಿ, ಮಾದರಿಯ ಒಂದು ಪಾಲು ಪ್ರಯೋಗಾಲಯಕ್ಕೆ ಹೋಗಲೇಬೇಕು. ಆ ಪ್ರಯೋಗಾಲಯ ಯಾವುದು, ರಾತ್ರಿ ಎರಡು ಗಂಟೆಗೆ ಅಲ್ಲಿ ಫೋನ್ ಎತ್ತುವವರು ಯಾರು ಎಂಬುದು ಈಗಲೇ ತೀರ್ಮಾನವಾಗಲಿ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಯಂತ್ರಗಳ ಸಂಖ್ಯೆಯನ್ನು ಕಡಿಮೆ ಮಾಡಿದರೂ ಪರವಾಗಿಲ್ಲ, ಪರೀಕ್ಷಾ ಅನಿಲ, ಬದಲಿ ಸೆನ್ಸರ್, ಕ್ಯಾಲಿಬ್ರೇಷನ್ (ಅಳತೆ ಸರಿಪಡಿಸುವಿಕೆ) ಮತ್ತು ಮರುತರಬೇತಿಯ ಐದು ವರ್ಷಗಳ ವೆಚ್ಚವನ್ನು ಅದೇ ಆದೇಶದಲ್ಲಿ ಸೇರಿಸಿ. ಪ್ರತಿ ತಂಡಕ್ಕೂ ಬೇರೆ ಬೇರೆ ತತ್ತ್ವದ ಮೇಲೆ ಕೆಲಸ ಮಾಡುವ ಕನಿಷ್ಠ ಎರಡು ಬಗೆಯ ಶೋಧಕಗಳಿರಲಿ. ಪ್ರತಿ ಯಂತ್ರದ ಮೇಲೂ ಅದು ಯಾವುದನ್ನು ಗುರುತಿಸಲಾರದು ಎಂಬ ಪಟ್ಟಿಯನ್ನು ಓದಲು ಬರುವ ಭಾಷೆಯಲ್ಲಿ ಅಂಟಿಸಿಕೊಡಬೇಕೆಂದು ಸರಬರಾಜುದಾರರಿಗೆ ಷರತ್ತು ಹಾಕಿ.

ಇಂತಿ ನಿಮ್ಮ ವಿಶ್ವಾಸಿ,
ಅನಿಲ ಶೋಧಕಗಳ ನಿರ್ವಹಣಾ ತಂತ್ರಜ್ಞ