ಬರೆದುಕೊಂಡು ಹೋದದ್ದು ಊರಿಗೂ ಮರಳಲಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು ಕಡೆಯಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತರಾದವರ ಮನೆಗಳಿಗೆ ಸಂಶೋಧಕರು ಬರುವುದು ಹೊಸತೇನಲ್ಲ. ಹೆಚ್ಚಿನವರು ಕಾಳಜಿಯಿಂದಲೇ ಬರುತ್ತಾರೆ. ಸ್ತ್ರೀವಾದಿ ಅಧ್ಯಯನ ಮಾಡುವವರಂತೂ ತಾಯಂದಿರ ಜತೆ ಗಂಟೆಗಟ್ಟಲೆ ಕೂತು ಕೇಳುತ್ತಾರೆ. ಆದರೆ ಆ ಮಾತೆಲ್ಲ ಇಂಗ್ಲಿಷ್ ಲೇಖನವಾಗಿ ಹೊರದೇಶದ ಜರ್ನಲ್ ಸೇರಿದ ಮೇಲೆ, ಮಾತಾಡಿದವರ ಕೈಗೆ ಮಾತ್ರ ಸಿಗುವುದಿಲ್ಲ. "ಅಷ್ಟೆಲ್ಲ ಬರ್ಕೊಂಡು ಹೋದ್ರಲ್ಲ ಟೀಚರೇ, ಅದ್ರಲ್ಲಿ ನಮ್ಮ ಬಗ್ಗೆ ಎಂತ ಉಂಟು?" ಎಂದು ನನ್ನ ಪರಿಚಯದ ತಾಯಿಯೊಬ್ಬರು ಕೇಳಿದ್ದರು. ಆ ಪ್ರಶ್ನೆಗೆ ಉತ್ತರಿಸುವುದು ಸಂಶೋಧಕರ ಕರ್ತವ್ಯವಾಗಬೇಕು.

ಆ ತಾಯಿಯ ಮಗನಿಗೆ ಅಪಸ್ಮಾರ. ಹುಡುಗನ ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತೆಂದರೆ ಫಿಟ್ಸ್ ಬರುವ ಹೊತ್ತಾಯಿತೆಂದು ಅವರಿಗೆ ಗೊತ್ತು. ಹತ್ತಿರದ ಸ್ಟೂಲು, ಚೊಂಬು ದೂರ ಸರಿಸಿ ತಲೆಯಡಿಗೆ ಬಟ್ಟೆ ಇಡುತ್ತಾರೆ. ಯಾವ ಮಾತ್ರೆ ಬದಲಾದಾಗ ಏನಾಯಿತು ಎಂಬುದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿದೆ. ಅವನು ಮಲಗಿದ ಮೇಲೆ ಬೀಡಿ ಕಟ್ಟಲು ಕೂರುತ್ತಾರೆ. ಪ್ರಶ್ನಾವಳಿಯ 'ಉದ್ಯೋಗ' ಎಂಬಲ್ಲಿ ಇವರು ಬರೀ ಗೃಹಿಣಿ. ಅಷ್ಟು ವರ್ಷ ನೋಡಿ ನೋಡಿ ಕಲಿತದ್ದಕ್ಕೆ ಅದರಲ್ಲಿ ಜಾಗವೇ ಇಲ್ಲ.

ಜನ ಕಂಡದ್ದನ್ನು ತಿಳಿವಳಿಕೆಯೆಂದು ಒಪ್ಪದಿದ್ದರೆ ಏನಾಗುತ್ತದೆಂದು ಕಾಸರಗೋಡಿಗೆ ಹೇಳಿಕೊಡಬೇಕಾಗಿಲ್ಲ. ಎಪ್ಪತ್ತರ ದಶಕದಿಂದ 2000ದವರೆಗೆ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ವಿಷ ಸುರಿಯಿತು. ಅದರ ಪರಿಣಾಮವನ್ನು ಮೊದಲು ಕಂಡವರು ಹಟ್ಟಿ, ತೋಟ, ಬಾಣಂತಿ ಕೋಣೆಗಳಲ್ಲಿದ್ದವರು. ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ತೊಂಬತ್ತರ ದಶಕದಲ್ಲೇ ಬರೆದು ಎಚ್ಚರಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯದೇ ಆದ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆಯಾಜ್ಞೆ ತಂದರು. ಆದರೂ 'ವೈಜ್ಞಾನಿಕ ಪುರಾವೆ ಎಲ್ಲಿ?' ಎನ್ನುತ್ತಲೇ ವರ್ಷಗಳು ಕಳೆದವು. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯವಾಗುವಂತೆ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇಯಲ್ಲಿ. ಅದಾಗಿ ಎಷ್ಟೋ ಕಾಲದ ಮೇಲೆ, 2019ರಲ್ಲೂ, ತಾಯಂದಿರು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಧರಣಿ ಕೂರಬೇಕಾಯಿತು.

ವಸಾಹತುಗಳಲ್ಲಿ ಮಾಹಿತಿ ಸಂಗ್ರಹ, ಯುರೋಪಿನಲ್ಲಿ ಸಿದ್ಧಾಂತ ಎಂಬ ಈ ಏರ್ಪಾಡನ್ನು ಬೆನಿನ್ ದೇಶದ ತತ್ವಜ್ಞಾನಿ ಪೌಲಿನ್ ಹೂಂಟೋಂಜಿ ಬಹಳ ಹಿಂದೆಯೇ ಗುರುತಿಸಿದ್ದರು. ಸ್ತ್ರೀವಾದಿ ವಲಯವೂ ಇದರಿಂದ ಹೊರತಲ್ಲ. ಪಾಶ್ಚಾತ್ಯ ವಿದ್ವಾಂಸರು ಮೂರನೇ ಜಗತ್ತಿನ ಹೆಂಗಸರನ್ನೆಲ್ಲ ಒಂದೇ ಅಚ್ಚಿನಲ್ಲಿ ಚಿತ್ರಿಸುವುದನ್ನು ಚಂದ್ರಾ ತಲ್ಪಡೆ ಮೊಹಾಂತಿ ಎಂಬತ್ತರ ದಶಕದಲ್ಲಿ ಪ್ರಶ್ನಿಸಿದರು. ಆ ಮಾತು ಜಗತ್ತಿಗೆ ಕೇಳಿಸಿತು. ಅವರು ಅಮೆರಿಕದಲ್ಲಿದ್ದು ಇಂಗ್ಲಿಷಿನಲ್ಲಿ ಬರೆದದ್ದೂ ಅದಕ್ಕೊಂದು ಕಾರಣವೆಂದು ನನಗನಿಸುತ್ತದೆ. ಅದೇ ದಶಕದಲ್ಲಿ ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್, ತಲಾಖಿನ ಹೆಸರಿನಲ್ಲಿ ಹೆಣ್ಣಿಗಾಗುವ ಅನ್ಯಾಯವನ್ನು ಕನ್ನಡದಲ್ಲಿ ಬಿಡಿಸಿಟ್ಟರು. ಅವರನ್ನು ಕಾದಂಬರಿಕಾರ್ತಿ ಎಂದು ಗೌರವಿಸಿದೆವು, ಸರಿ. ಆದರೆ ಸ್ತ್ರೀವಾದದ ಸಿದ್ಧಾಂತ ಕಲಿಸುವ ತರಗತಿಯಲ್ಲಿ, ಚಿಂತಕಿಯೆಂದು ಅವರನ್ನು ಓದಿಸುವವರು ಎಷ್ಟು ಜನ? ನಾವು ಕನ್ನಡ ಅಧ್ಯಾಪಕರೇ ಇದಕ್ಕೆ ಮೊದಲು ಮುಂದಾಗಬೇಕು.

ಹಣದ ಗೋಡೆ ಬೇರೆ. 'ನೇಚರ್' ಪತ್ರಿಕೆ ಒಂದು ಲೇಖನವನ್ನು ಎಲ್ಲರಿಗೂ ಮುಕ್ತವಾಗಿಡಲು 2021ರಿಂದ 9,500 ಯೂರೋ ಶುಲ್ಕ ಗೊತ್ತುಮಾಡಿತು. ಅಂದರೆ ಎಂಟು ಲಕ್ಷ ರೂಪಾಯಿಗೂ ಮಿಕ್ಕಿ. ಎಲ್ಲ ಜರ್ನಲ್‌ಗಳ ದರ ಇಷ್ಟಿಲ್ಲ ನಿಜ, ಆದರೂ ಅತಿಥಿ ಉಪನ್ಯಾಸಕಿಯೊಬ್ಬರಿಗೆ ಅದರ ಹತ್ತನೇ ಒಂದು ಪಾಲೂ ಹೊಂದಿಸಲಾಗದ ಮೊತ್ತ. ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ 2025ರ ಜನವರಿಯಿಂದ ಜಾರಿಯಲ್ಲಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಸುಮಾರು 13,000 ಜರ್ನಲ್‌ಗಳು ಓದಲು ಸಿಗುತ್ತವೆ. ಒಳ್ಳೆಯದೇ, ಸ್ವಾಗತಿಸುತ್ತೇನೆ. ಆದರೆ ಅದರಿಂದ ಮುಖ್ಯವಾಗಿ ಓದುವ ಬಾಗಿಲು ತೆರೆಯಿತು. ಇಲ್ಲಿಂದ ಬರೆಯುವವರಿಗೆ, ಅದರಲ್ಲೂ ಕನ್ನಡದಲ್ಲಿ ಬರೆಯುವವರಿಗೆ, ಅಷ್ಟೇ ಮನ್ನಣೆ ಸಿಗಬೇಡವೇ? ಗಡಿಯಾಚೆಗಿನ ಕನ್ನಡಿಗರಾದ ನಮ್ಮ ಹೆಣ್ಣುಮಕ್ಕಳು ಮಲಯಾಳಕ್ಕೂ ಇಂಗ್ಲಿಷಿಗೂ ಹೊಂದಿಕೊಂಡು ಪಿಎಚ್.ಡಿ. ಮುಗಿಸುತ್ತಾರೆ. ಆಮೇಲೆ ಅವರ ಕನ್ನಡ ಲೇಖನಗಳನ್ನು ಲೆಕ್ಕಕ್ಕೇ ಹಿಡಿಯದಿರುವುದು ಅನ್ಯಾಯ.

ಹಳ್ಳಿಯ ಜನರನ್ನು ಸಂದರ್ಶಿಸಲು ಅನುಮತಿ ನೀಡುವ ವಿಶ್ವವಿದ್ಯಾಲಯಗಳ ಸಮಿತಿಗಳು ಒಂದು ಷರತ್ತು ಹಾಕಲಿ: ಅಧ್ಯಯನ ಮುಗಿದ ಮೇಲೆ ಅದರ ಸಾರಾಂಶ ಕನ್ನಡ ಮತ್ತು ಮಲಯಾಳದಲ್ಲಿ ಆಯಾ ಪಂಚಾಯತಿಗೂ ಊರಿನ ಗ್ರಂಥಾಲಯಕ್ಕೂ ತಲುಪಬೇಕು. ಕೇರಳದಲ್ಲಿ ಊರೂರಿಗೂ ಗ್ರಂಥಾಲಯವಿರುವಾಗ ಇದು ಕಷ್ಟದ ಕೆಲಸವಲ್ಲ. ಓದಲು ಬಾರದವರಿಗಾಗಿ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದ ಸಭೆಯಲ್ಲಿ ಓದಿ ಹೇಳಬಹುದು, ತಪ್ಪಿದ್ದರೆ ಅವರು ತಿದ್ದಲಿ. ಹಾಗೆ ತಿದ್ದಿಕೊಟ್ಟವರ ಹೆಸರು, ಅವರು ಒಪ್ಪಿದರೆ, ಲೇಖಕರ ಸಾಲಿನಲ್ಲೇ ಅಚ್ಚಾಗಲಿ.

ಇತಿ,
ಕನ್ನಡ ಅಧ್ಯಾಪಿಕೆ,
ಬದಿಯಡ್ಕ, ಕಾಸರಗೋಡು ಜಿಲ್ಲೆ