ಬೀಡಿ ಬಿಡಿಸುವ ಕೆಲಸ ಮೊದಲಾಗಲಿ

ಮಾನ್ಯ ಸಂಪಾದಕರೇ,

ಕೊಡಗಿನ ಮಳೆಗೆ ಬೀಡಿಯ ಬಿಸಿ ಬೇಕೇ ಬೇಕೆಂಬ ಮಾತು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಷ್ಟೇ ಅಲ್ಲ, ಕೊಡವರ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲೂ ಕೇಳಿಬರುತ್ತದೆ. ಹೀಗೆ ದಶಕಗಟ್ಟಲೆ ಸೇದಿದವರು ಒಂದು ಎಕ್ಸ್‌ರೇ ತೆಗೆಸಿ ‘ಏನೂ ಇಲ್ಲ’ ಎಂದು ನಿಶ್ಚಿಂತರಾಗುವುದನ್ನು ಕಂಡಿದ್ದೇನೆ. ಆದರೆ 2011ರಲ್ಲಿ ಪ್ರಕಟವಾದ, ಸುಮಾರು 53 ಸಾವಿರ ಜನರನ್ನು ಒಳಗೊಂಡ ಅಮೆರಿಕದ ಅಧ್ಯಯನದಲ್ಲಿ, ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಾದ ಸಾವು, ಎಕ್ಸ್‌ರೇ ತೆಗೆಸಿದವರಿಗೆ ಹೋಲಿಸಿದರೆ, ಶೇ 20ರಷ್ಟು ಕಡಿಮೆಯಿತ್ತು.

ಹಾಗೆಂದು ಸೇದುವವರೆಲ್ಲ ಮೈಸೂರಿಗೆ ಓಡಬೇಕೆಂದಲ್ಲ. ಅಮೆರಿಕದಲ್ಲೂ ಅಲ್ಲಿನ ರೋಗತಡೆ ತಜ್ಞರ ಸಮಿತಿ (USPSTF) ಈ ಸ್ಕ್ಯಾನಿನ ಸಲಹೆ ನೀಡಿರುವುದು 50ರಿಂದ 80 ವರ್ಷದೊಳಗಿನ, ದಿನಕ್ಕೊಂದು ಪ್ಯಾಕ್ ಸಿಗರೇಟಿನಂತೆ 20 ವರ್ಷಕ್ಕೆ ಸಮನಾಗಿ ಸೇದಿದ, ಈಗಲೂ ಸೇದುವ ಅಥವಾ ಬಿಟ್ಟು 15 ವರ್ಷ ಮೀರದವರಿಗೆ ಮಾತ್ರ. ಕ್ಷಯ ಹೆಚ್ಚಿರುವ ನಮ್ಮಲ್ಲಿ ಅದರ ಹಳೆಯ ಕಲೆಯೇ ಗಂಟಿನಂತೆ ಕಂಡು, ಬೇಡದ ಬಯಾಪ್ಸಿಗೂ (ಅಂಗಾಂಶದ ಚೂರು ತೆಗೆದು ಮಾಡುವ ಪರೀಕ್ಷೆ) ತಿಂಗಳುಗಟ್ಟಲೆ ಆತಂಕಕ್ಕೂ ದಾರಿಯಾಗಬಹುದು. ಆದ್ದರಿಂದ ಲಾಭ, ಅಪಾಯ, ಖರ್ಚು ಮೂರನ್ನೂ ವೈದ್ಯರು ಕೂರಿಸಿಕೊಂಡು ವಿವರಿಸಿ, ನಿರ್ಧಾರವನ್ನು ಆ ವ್ಯಕ್ತಿಗೇ ಬಿಡಬೇಕು. (ಕಫದಲ್ಲಿ ರಕ್ತ ಕಂಡವರು ಮಾತ್ರ ಈ ಚರ್ಚೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.)

ಸ್ಕ್ಯಾನ್ ಮಾಡಿಸಿದರೂ ಬಿಟ್ಟರೂ ಬೀಡಿ ಬಿಡಲೇಬೇಕು. ಅದಕ್ಕೆ ಬೈಗುಳ ಸಾಲದು. ಆಪ್ತ ಸಮಾಲೋಚನೆ, ನಿಕೋಟಿನ್ ಗಮ್‌ನಂಥ ನೆರವು ಬೇಕು. 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ ಬೀಡಿ ಕಟ್ಟಿನ ಬೆಲೆಯಷ್ಟೇ ಎಲ್ಲರಿಗೂ ಗೊತ್ತಿರಬೇಕಿತ್ತು. ತೋಟಗಳಲ್ಲಿ ಬಟವಾಡೆಯ ದಿನ ಕಾರ್ಮಿಕರೆಲ್ಲ ಒಂದೆಡೆ ಸೇರುವುದರಿಂದ, ಆರೋಗ್ಯ ಇಲಾಖೆಯು ಬೆಳೆಗಾರರ ಜೊತೆಗೂಡಿ ಅಂದೇ ಅಲ್ಲಿ ಸಮಾಲೋಚಕರನ್ನು ಕಳುಹಿಸುವ ವ್ಯವಸ್ಥೆ ಮಾಡಬೇಕೆಂದು ವಿನಂತಿ.

– ಓದುಗ, ಸೋಮವಾರಪೇಟೆ